ಮೊದಲು ಯಾವ ಕಾಗದ? ಗುರುತಿನ ದಾಖಲೆಗಳಲ್ಲಿ ಹೆಸರು ಮತ್ತು ಲಿಂಗ ತಿದ್ದಿಸಿಕೊಳ್ಳುವ ಹಾದಿ

ಹಾವೇರಿ ಕಡೆಯಿಂದ ಬಂದಿದ್ದ ಇಪ್ಪತ್ತೆರಡು ವರ್ಷದ ಹುಡುಗನೊಬ್ಬ ಒಂದು ಭಾನುವಾರ ನಮ್ಮ ಮನೆಯ ಊಟದ ಮೇಜಿನ ಮೇಲೆ ತನ್ನ ಪ್ಲಾಸ್ಟಿಕ್ ಫೈಲು ಬಿಚ್ಚಿದ. ಆಧಾರ್, ಪ್ಯಾನ್, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಜಾತಿ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್. ಐದೂ ಅವನವೇ. ಐದರಲ್ಲೂ ಇದ್ದದ್ದು ಒಬ್ಬ ಹುಡುಗಿಯ ಹೆಸರು, ಅದೂ ಮೂರು ಬಗೆಯ ಸ್ಪೆಲ್ಲಿಂಗ್‌ನಲ್ಲಿ. ಪಾಸ್‌ಬುಕ್ಕಿಗೆ ಅಂಟಿಸಿದ್ದ ಫೋಟೋದಲ್ಲಿ ಎರಡು ಜಡೆ, ಜಡೆಗೆ ಕೆಂಪು ರಿಬ್ಬನ್. ಎದುರಿಗೆ ಕುಳಿತವನಿಗೆ ಆಗಷ್ಟೇ ಚಿಗುರಿದ ಮೀಸೆ.

ಕೆಲಸ ಸಿಕ್ಕಿತ್ತು. ಸಂಬಳದ ಖಾತೆಗೆ ಕೆವೈಸಿ ಮಾಡಿಸಲು ಹೋಗಿದ್ದ. "ಕೌಂಟರಿನಲ್ಲಿದ್ದವರು ಕಾರ್ಡ್ ನೋಡಿದರು, ನನ್ನ ಮುಖ ನೋಡಿದರು, ಮತ್ತೆ ಕಾರ್ಡ್ ನೋಡಿದರು. ನಿಮ್ಮ ತಂಗಿಯನ್ನೇ ಕರೆದುಕೊಂಡು ಬನ್ನಿ ಎಂದರು, ಅಕ್ಕಾ. ಹಿಂದೆ ಹತ್ತು ಜನ ನಿಂತಿದ್ದರು. ನಾನೇ ಅವಳು ಎಂದು ಹೇಗೆ ಹೇಳಲಿ? ಫೈಲು ಮಡಚಿಕೊಂಡು ಬಂದೆ" ಎಂದ. ಆಮೇಲೆ ಕೇಳಿದ: "ಮೊದಲು ಯಾವುದನ್ನು ತಿದ್ದಿಸಲಿ?"

ಈ ಕೆಲಸದಲ್ಲಿ ಎಲ್ಲರೂ ಮೊದಲು ಕೇಳಬೇಕಾದ ಪ್ರಶ್ನೆ ಅದೇ. ಬಹಳ ಜನ ಕೇಳುವುದಿಲ್ಲ. ಯಾವ ಕಚೇರಿ ಹತ್ತಿರವೋ, ಯಾರ ಪರಿಚಯವಿದೆಯೋ ಅಲ್ಲಿಂದ ಶುರು ಮಾಡುತ್ತಾರೆ. ಒಂದು ಕಾಗದ ಬದಲಾಗುತ್ತದೆ, ನಾಲ್ಕು ಹಾಗೆಯೇ ಉಳಿಯುತ್ತವೆ, ಆಗ ಮೊದಲಿಗಿಂತ ಹೆಚ್ಚಿನ ತೊಡಕು. ನಮ್ಮ ದಾಖಲೆಗಳು ಒಂದನ್ನೊಂದು ನೋಡಿಯೇ ನಂಬುವಂಥವು. ಪ್ಯಾನ್ ಆಧಾರ್ ಕಡೆ ನೋಡುತ್ತದೆ, ಬ್ಯಾಂಕ್ ಎರಡನ್ನೂ ನೋಡುತ್ತದೆ, ಕಂಪನಿ ಬ್ಯಾಂಕನ್ನೂ ಅಂಕಪಟ್ಟಿಯನ್ನೂ ನೋಡುತ್ತದೆ. ಆದ್ದರಿಂದ ಅನುಕ್ರಮ ಬಹಳ ಮುಖ್ಯ. ಕೆಲವು ವರ್ಷಗಳಿಂದ ಇಂಥ ಅರ್ಜಿಗಳನ್ನು ತುಂಬಿಸುವಾಗ ಪಕ್ಕದಲ್ಲಿ ಕುಳಿತಿದ್ದೇನೆ. ಆ ಅನುಭವದಿಂದ, ಹಾದಿ ಎಲ್ಲಿ ಸುಲಭ, ಎಲ್ಲಿ ಮುಳ್ಳು ಎಂಬುದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ಮೊದಲಿಗೆ ಪದಗಳ ಬಗ್ಗೆ ಒಂದು ಮಾತು. ಕರ್ನಾಟಕ ಸರ್ಕಾರದ ಆದೇಶಗಳಲ್ಲಿ 'ಲಿಂಗತ್ವ ಅಲ್ಪಸಂಖ್ಯಾತರು' ಎಂದಿರುತ್ತದೆ, ಪತ್ರಿಕೆಗಳಲ್ಲಿ 'ತೃತೀಯ ಲಿಂಗಿ' ಎಂದು, ಜನರ ಬಾಯಲ್ಲಿ 'ಮಂಗಳಮುಖಿ' ಎಂದು. ಎಲ್ಲಮ್ಮನ ಪರಂಪರೆಯಲ್ಲಿ ಜೋಗತಿ, ಜೋಗಪ್ಪ ಎಂಬ ಹೆಸರುಗಳಿವೆ. ಈ ಯಾವ ಪದವೂ ನನ್ನ ಮೇಜಿನ ಎದುರು ಕುಳಿತಿದ್ದ ಹುಡುಗನನ್ನು ಸರಿಯಾಗಿ ಹಿಡಿಯುವುದಿಲ್ಲ. ಹುಟ್ಟಿದಾಗ ಹೆಣ್ಣು ಎಂದು ಬರೆಸಿದ, ತನ್ನನ್ನು ಗಂಡೆಂದೇ ಅರಿತ ಅವನು ಟ್ರಾನ್ಸ್ ಪುರುಷ. ಇಂಥವರೂ ಇದ್ದಾರೆ ಎಂಬುದು ಎಷ್ಟೋ ಕಚೇರಿಗಳಲ್ಲಿ ಗೊತ್ತೇ ಇಲ್ಲ. ಹಾಗಾಗಿಯೇ ಅವರ ಕಾಗದ ನೋಡಿದ ಗುಮಾಸ್ತರಿಗೆ ಮೊದಲು ಬರುವ ಅನುಮಾನ ಮೋಸದ್ದು.

ಇನ್ನೊಂದು ವಿಷಯ ಕನ್ನಡದ್ದೇ. ನಮ್ಮಲ್ಲಿ ಲಿಂಗ ಬರೀ ಅರ್ಜಿಯ ಕಾಲಂನಲ್ಲಿ ಇರುವುದಿಲ್ಲ, ಹೆಸರಿನ ಬಾಲದಲ್ಲೇ ಇರುತ್ತದೆ. ಬಸಪ್ಪ, ಬಸಮ್ಮ, ಮಂಜಪ್ಪ, ಮಂಜಮ್ಮ. ಹಳೆಯ ಜಮೀನಿನ ಕಾಗದಗಳಲ್ಲಿ 'ಬಿನ್' ಎಂದರೆ ಇಂಥವರ ಮಗ, 'ಕೋಂ' ಎಂದರೆ ಇಂಥವರ ಹೆಂಡತಿ. ಆದ್ದರಿಂದ ಲಿಂಗದ ಕಾಲಂ ಒಂದನ್ನೇ ತಿದ್ದಿಸಿ ಹೆಸರು ಬಿಟ್ಟರೆ ಕೆಲಸ ಅರ್ಧ. ಎರಡನ್ನೂ ಒಟ್ಟಿಗೇ ಯೋಚಿಸಬೇಕು. ಹಾಗೆಯೇ 'ಅವರು' ಎಂಬ ಪದ ನಮ್ಮಲ್ಲಿದೆ. ಎದುರಿಗಿರುವವರ ಬಗ್ಗೆ ತಿಳಿಯದಿದ್ದಾಗ ಯಾವ ಕಚೇರಿಯ ಯಾವ ನೌಕರರೂ ಅದನ್ನು ಬಳಸಬಹುದು. ಅದಕ್ಕೆ ಯಾವ ಸುತ್ತೋಲೆಯೂ ಬೇಕಿಲ್ಲ.

ಕಾನೂನು ಎಲ್ಲಿಂದ ಬಂತು

2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಕೆ.ಎಸ್. ರಾಧಾಕೃಷ್ಣನ್ ಮತ್ತು ಎ.ಕೆ. ಸಿಕ್ರಿ ಅವರ ಪೀಠ ಒಂದು ತೀರ್ಪು ಕೊಟ್ಟಿತು. ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ ಹೂಡಿದ್ದ ಮೊಕದ್ದಮೆಯಾದ್ದರಿಂದ ಅದನ್ನು ನಾಲ್ಸಾ ತೀರ್ಪು ಎಂದು ಕರೆಯುತ್ತಾರೆ. ತಾನು ಗಂಡೋ, ಹೆಣ್ಣೋ, ತೃತೀಯ ಲಿಂಗವೋ ಎಂದು ತೀರ್ಮಾನಿಸುವ ಹಕ್ಕು ಆ ವ್ಯಕ್ತಿಯದೇ, ಅದಕ್ಕೆ ಶಸ್ತ್ರಚಿಕಿತ್ಸೆ ಆಗಿರಲೇಬೇಕು ಎಂದು ಒತ್ತಾಯಿಸುವುದು ಕಾನೂನುಬಾಹಿರ ಎಂದು ನ್ಯಾಯಾಲಯ ಸ್ಪಷ್ಟವಾಗಿ ಹೇಳಿತು.

ಅದಾದ ಐದು ವರ್ಷಕ್ಕೆ ಸಂಸತ್ತು 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ (ಹಕ್ಕುಗಳ ರಕ್ಷಣೆ) ಕಾಯ್ದೆ ಮಾಡಿತು. 2020ರ ಜನವರಿ 10ರಂದು ಅದು ಜಾರಿಗೆ ಬಂತು, ಅದೇ ಸೆಪ್ಟೆಂಬರ್‌ನಲ್ಲಿ ನಿಯಮಗಳು ಬಂದವು. ತೀರ್ಪು ಮೂರು ಬಾಗಿಲನ್ನೂ ಒಟ್ಟಿಗೆ ತೆರೆದಿತ್ತು. ಕಾಯ್ದೆ ಅದನ್ನು ಎರಡು ಮೆಟ್ಟಿಲು ಮಾಡಿತು. ಮೊದಲ ಮೆಟ್ಟಿಲಲ್ಲಿ, ಅಂದರೆ 6ನೇ ಕಲಮಿನಡಿ, ಸ್ವಂತ ಘೋಷಣೆಯ ಆಧಾರದ ಮೇಲೆ 'ಟ್ರಾನ್ಸ್‌ಜೆಂಡರ್' ಎಂಬ ಪ್ರಮಾಣಪತ್ರ. 'ಪುರುಷ' ಅಥವಾ 'ಮಹಿಳೆ' ಎಂದು ಬೇಕಾದರೆ 7ನೇ ಕಲಮು, ಅದಕ್ಕೆ ಆಸ್ಪತ್ರೆಯ ಕಾಗದ. ನನ್ನ ಮಟ್ಟಿಗೆ ಇದು ಹಿಂದಕ್ಕೆ ಇಟ್ಟ ಹೆಜ್ಜೆ. ನ್ಯಾಯಾಲಯ ಮನುಷ್ಯರ ಮಾತನ್ನು ನಂಬಿತ್ತು, ಕಾಯ್ದೆ ವೈದ್ಯರ ಸಹಿಯನ್ನು ನಂಬಿತು. ಸಮುದಾಯದ ಅನೇಕರು ಇದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದ್ದಾರೆ. ಆದರೂ ಕೌಂಟರಿನಲ್ಲಿ ತೋರಿಸಲು ಕೈಗೆ ಸಿಕ್ಕ ಸಾಧನ ಇದು, ಇದನ್ನು ಚೆನ್ನಾಗಿ ಬಳಸುವುದನ್ನು ಕಲಿಯಬೇಕು.

ಇಲ್ಲಿ ನಾನು ವಿವರಿಸುವುದು 2020ರ ನಿಯಮಗಳು ಹಾಕಿಕೊಟ್ಟಿದ್ದ ಹಾದಿ. 2026ರಲ್ಲಿ ಸಂಸತ್ತು ಕಾಯ್ದೆಗೆ ತಿದ್ದುಪಡಿ ಮಾಡಿದೆ, ಸ್ವಂತ ಘೋಷಣೆಯೇ ಸಾಕೆಂಬುದೂ ಸೇರಿ ಮುಂದೆ ಹೇಳುವ ಹೆಜ್ಜೆಗಳು ಬದಲಾಗಿರಬಹುದು. ಅರ್ಜಿ ಹಾಕುವ ವಾರದಲ್ಲಿ ರಾಷ್ಟ್ರೀಯ ಪೋರ್ಟಲ್‌ನಲ್ಲಿ ಏನಿದೆ ಎಂದು ನೋಡಿ, ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಒಮ್ಮೆ ಕೇಳಿ, ಆಮೇಲೆ ಹೆಜ್ಜೆ ಇಡಿ.

ಎಲ್ಲದಕ್ಕೂ ತಾಯಿಬೇರು: ಜಿಲ್ಲಾಧಿಕಾರಿಯ ಪ್ರಮಾಣಪತ್ರ

ಹುಡುಗನ ಪ್ರಶ್ನೆಗೆ ಉತ್ತರ ಅವನ ಫೈಲಿನಲ್ಲಿದ್ದ ಐದು ಕಾಗದಗಳಲ್ಲಿ ಯಾವುದೂ ಅಲ್ಲ. ಆರನೆಯದೊಂದು ಮೊದಲು ಬರಬೇಕು. ಅದು ಜಿಲ್ಲಾಧಿಕಾರಿ ಕೊಡುವ ಗುರುತಿನ ಪ್ರಮಾಣಪತ್ರ. ಕೇಂದ್ರದ ಸಾಮಾಜಿಕ ನ್ಯಾಯ ಮತ್ತು ಸಬಲೀಕರಣ ಸಚಿವಾಲಯ 2020ರ ನವೆಂಬರ್‌ನಲ್ಲಿ ಇದಕ್ಕೆಂದೇ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ರಾಷ್ಟ್ರೀಯ ಪೋರ್ಟಲ್ ತೆರೆಯಿತು. ಅರ್ಜಿ ಅಲ್ಲೇ ಹಾಕುವುದು. ಪ್ರಮಾಣಪತ್ರ ಮತ್ತು ಗುರುತಿನ ಚೀಟಿ ಎರಡನ್ನೂ ಅಲ್ಲಿಂದಲೇ ಇಳಿಸಿಕೊಳ್ಳಬಹುದು. ಮನೆಯಲ್ಲಿ ಇನ್ನೂ ಹೇಳಿಲ್ಲದವರಿಗೆ ಇದು ದೊಡ್ಡ ಅನುಕೂಲ, ಲಕೋಟೆ ಹಿಡಿದುಕೊಂಡು ಅಂಚೆಯವರು ಬಾಗಿಲಿಗೆ ಬರುವುದಿಲ್ಲ.

ಬೇಕಾಗುವುದು ಹೆಚ್ಚೇನಿಲ್ಲ. ಒಂದು ಫೋಟೋ, ಸಹಿಯ ಸ್ಕ್ಯಾನ್, ಈಗಿರುವ ಗುರುತಿನ ದಾಖಲೆ, ವಿಳಾಸದ ದಾಖಲೆ, ಮತ್ತು ನೋಟರಿಯವರ ಮುಂದೆ ಮಾಡಿಸಿದ ಪ್ರಮಾಣಿತ ಹೇಳಿಕೆ, ಅಂದರೆ ಅಫಿಡವಿಟ್. ಅದರ ಮಾದರಿ ನಿಯಮಗಳಲ್ಲೇ ಇದೆ. ಹುಟ್ಟಿದಾಗ ಗುರುತಿಸಿದ ಲಿಂಗಕ್ಕೂ ನಾನು ಅರಿತಿರುವ ಲಿಂಗಕ್ಕೂ ಹೊಂದಿಕೆಯಿಲ್ಲ, ನಾನು ಟ್ರಾನ್ಸ್‌ಜೆಂಡರ್ ವ್ಯಕ್ತಿ ಎಂದು ಘೋಷಿಸುತ್ತೇನೆ ಎಂಬುದು ಅದರ ತಿರುಳು. ಆ ಮಾದರಿಯನ್ನೇ ಟೈಪ್ ಮಾಡಿಸಿ. ತಾಲ್ಲೂಕು ಕಚೇರಿಯ ಮುಂದಿನ ಟೈಪಿಸ್ಟ್ ಒಳ್ಳೆಯ ಮನಸ್ಸಿನಿಂದಲೇ ಎರಡು ಪುಟ ಸೇರಿಸಬಹುದು, ಬೇಡ. ಹದಿನೆಂಟು ತುಂಬದವರ ಪರವಾಗಿ ತಂದೆ, ತಾಯಿ ಅಥವಾ ಪಾಲಕರು ಅರ್ಜಿ ಹಾಕಬೇಕು.

ಈಗ ಗಟ್ಟಿಯಾಗಿ ನೆನಪಿಡಬೇಕಾದ ಮಾತು. 6ನೇ ಕಲಮಿನ ಈ ಪ್ರಮಾಣಪತ್ರಕ್ಕೆ ವೈದ್ಯಕೀಯ ಅಥವಾ ದೈಹಿಕ ಪರೀಕ್ಷೆ ಇಲ್ಲ ಎಂದು 2020ರ ನಿಯಮಗಳು ನೇರವಾಗಿ ಹೇಳಿದ್ದವು. ಅಫಿಡವಿಟ್ ಆಧಾರದ ಮೇಲೆಯೇ ಅರ್ಜಿ ಮುಂದೆ ಹೋಗಬೇಕಿತ್ತು, ಅದೂ ಮೂವತ್ತು ದಿನದೊಳಗೆ. ಆದರೂ "ಜಿಲ್ಲಾಸ್ಪತ್ರೆಯಿಂದ ಒಂದು ಚೀಟಿ ತಂದುಬಿಡಿ" ಎಂದು ಬಾಯಿಮಾತಿನಲ್ಲಿ ಹೇಳಿ ಕಳಿಸಿದ್ದನ್ನು ನಾನೇ ಕೇಳಿದ್ದೇನೆ. ಆಗ ಜಗಳ ಬೇಡ. ಯಾವ ನಿಯಮದಡಿ ಕೇಳುತ್ತಿದ್ದೀರಿ ಎಂಬುದನ್ನು ಬರೆದು ಕೊಡಿ ಎಂದು ಬರಹದಲ್ಲೇ ಕೇಳಿ. ಬರೆದು ಕೊಡಬೇಕು ಎಂದಾಗ ಎಷ್ಟೋ ಬೇಡಿಕೆಗಳು ಅಲ್ಲೇ ನಿಂತುಹೋಗುತ್ತವೆ. ಅರ್ಜಿ ತಿರಸ್ಕರಿಸಿದರೂ ಕಾರಣ ತಿಳಿಸಬೇಕು, ಅದರ ವಿರುದ್ಧ ತೊಂಬತ್ತು ದಿನದೊಳಗೆ ಮೇಲ್ಮನವಿ ಹೋಗಬಹುದು.

ನಿಜವಾದ ಮುಳ್ಳು ವಿಳಾಸದ್ದು. ಅರ್ಜಿದಾರರು ಆ ಜಿಲ್ಲೆಯಲ್ಲಿ ಸತತ ಹನ್ನೆರಡು ತಿಂಗಳು ವಾಸವಾಗಿರಬೇಕು ಎಂದು ನಿಯಮ ಕೇಳುತ್ತದೆ. ಕಾಗದದ ಮೇಲೆ ಇದು ಸಣ್ಣ ಸಾಲು. ಬದುಕಿನಲ್ಲಿ ಹಾಗಲ್ಲ. ಹದಿನೇಳಕ್ಕೆ ಮನೆ ಬಿಟ್ಟವರ ಹೆಸರು ಇನ್ನೂ ಊರಿನ ರೇಷನ್ ಕಾರ್ಡಿನಲ್ಲೇ ಇರುತ್ತದೆ. ಬೆಂಗಳೂರಿನಲ್ಲಿ ಬಾಡಿಗೆಗೆ ಕೊಟ್ಟವರು ಕರಾರುಪತ್ರ ಮಾಡಿಕೊಡುವುದಿಲ್ಲ. ಹಮಾಮಿನಲ್ಲಿ, ಅಂದರೆ ಸಮುದಾಯದವರು ಕೂಡಿ ಬಾಳುವ ಮನೆಯಲ್ಲಿ, ಗುರುವಿನ ಜೊತೆ ಇರುವವರ ಬಳಿ ವಿದ್ಯುತ್ ಬಿಲ್ಲು ಇರುವುದಿಲ್ಲ. ಊರಿನ ವಿಳಾಸದ ಆಧಾರ್ ಇದ್ದು, ಊರಿನೊಂದಿಗೆ ನಂಟು ಉಳಿದಿದ್ದರೆ ಆ ಜಿಲ್ಲೆಯಿಂದಲೇ ಅರ್ಜಿ ಹಾಕುವುದು ಸುಲಭ. ಊರಿಗೆ ಕಾಲಿಡಲಾಗದವರು ಈಗಿರುವ ಕಡೆಯ ಆಧಾರ್ ವಿಳಾಸವನ್ನು ಮೊದಲು ಸರಿಪಡಿಸಿಕೊಳ್ಳಬೇಕು. ವಿಳಾಸ ಬದಲಿಸುವುದು ಬೇರೆ, ಲಿಂಗ ಬದಲಿಸುವುದು ಬೇರೆ. ಇವೆರಡನ್ನೂ ಒಂದೇ ದಿನ ಮಾಡುವ ಆತುರ ಬೇಡ. ಯಾಕೆ ಎಂದು ಮುಂದೆ ಹೇಳುತ್ತೇನೆ.

7ನೇ ಕಲಮಿನ ಪರಿಷ್ಕೃತ ಪ್ರಮಾಣಪತ್ರಕ್ಕೆ ಚಿಕಿತ್ಸೆ ನೀಡಿದ ಆಸ್ಪತ್ರೆಯ ವೈದ್ಯಕೀಯ ಅಧೀಕ್ಷಕರು ಅಥವಾ ಮುಖ್ಯ ವೈದ್ಯಾಧಿಕಾರಿಯ ಪತ್ರ ಬೇಕು. ಕಾಯ್ದೆಯಲ್ಲಿ ಶಸ್ತ್ರಚಿಕಿತ್ಸೆ ಎಂದಿದೆ. ಆದರೆ 2020ರ ನಿಯಮಗಳು 'ವೈದ್ಯಕೀಯ ಮಧ್ಯಪ್ರವೇಶ' ಎಂಬುದಕ್ಕೆ ಆಪ್ತಸಮಾಲೋಚನೆ, ಹಾರ್ಮೋನ್ ಚಿಕಿತ್ಸೆ ಎಲ್ಲವನ್ನೂ ಸೇರಿಸಿ ಅರ್ಥ ಬರೆದವು. ಎಲ್ಲರ ದೇಹಕ್ಕೂ, ಎಲ್ಲರ ಜೇಬಿಗೂ ಶಸ್ತ್ರಚಿಕಿತ್ಸೆ ಒಗ್ಗುವುದಿಲ್ಲ. ಹಾಗಾಗಿ ಆ ವ್ಯಾಖ್ಯೆಯ ಪ್ರತಿಯನ್ನು ಫೈಲಿನಲ್ಲಿ ಇಟ್ಟುಕೊಂಡೇ ವೈದ್ಯರ ಬಳಿ ಹೋಗುವುದು ಒಳ್ಳೆಯದು.

ಆಧಾರ್: ಒಮ್ಮೆ ಮಾತ್ರ

ಪ್ರಮಾಣಪತ್ರ ಬಂದ ಮೇಲೆ ಆಧಾರ್. ಇಲ್ಲಿ ದಯವಿಟ್ಟು ನಿಧಾನಿಸಿ. ಆಧಾರ್‌ನಲ್ಲಿ ಹೆಸರನ್ನು ಎರಡು ಸಲ ಬದಲಿಸಬಹುದು, ಲಿಂಗವನ್ನು ಒಮ್ಮೆ ಮಾತ್ರ. ಎರಡನೆಯ ಸಲ ಬೇಕೆಂದರೆ ವಿಶೇಷ ಪ್ರಕರಣ ಎಂದು ಆಧಾರ್ ಪ್ರಾಧಿಕಾರದ ಪ್ರಾದೇಶಿಕ ಕಚೇರಿಯ ಮುಂದೆ ನಿಲ್ಲಬೇಕಾಗುತ್ತದೆ.

ಇದರ ಪೆಟ್ಟು ಯಾರಿಗೆ ಬೀಳುತ್ತದೆ ನೋಡಿ. ಆ ಹುಡುಗನನ್ನೇ ತೆಗೆದುಕೊಳ್ಳಿ. ಅವನಿಗೆ ಬೇಕಾದದ್ದು 'ಪುರುಷ' ಎಂಬ ಗುರುತು. ಮೊದಲ ಪ್ರಮಾಣಪತ್ರ 'ಟ್ರಾನ್ಸ್‌ಜೆಂಡರ್' ಎಂದು ಬರುತ್ತದೆ. ಉತ್ಸಾಹದಲ್ಲಿ ಮರುದಿನವೇ ಕೇಂದ್ರಕ್ಕೆ ಹೋಗಿ ಆಧಾರ್‌ನಲ್ಲೂ ಹಾಗೆಯೇ ಬರೆಸಿದರೆ ಇದ್ದ ಒಂದು ಅವಕಾಶ ಮುಗಿಯಿತು. ವರ್ಷದ ನಂತರ ಪರಿಷ್ಕೃತ ಪ್ರಮಾಣಪತ್ರ ಕೈಗೆ ಬಂದಾಗ ಮತ್ತೆ ಅಲೆದಾಟ. ಹಾರ್ಮೋನ್ ಚಿಕಿತ್ಸೆ ಶುರುವಾಗಿದ್ದು, ಪರಿಷ್ಕೃತ ಪ್ರಮಾಣಪತ್ರ ಕೆಲವೇ ತಿಂಗಳಲ್ಲಿ ಸಿಗುವಂತಿದ್ದರೆ ಕಾಯುವುದು ಮೇಲು. ಅಷ್ಟರಲ್ಲಿ ಹೆಸರನ್ನೂ ಫೋಟೋವನ್ನೂ ಬದಲಿಸಿಕೊಂಡರೆ ಕೌಂಟರಿನ ಕಷ್ಟ ಅರ್ಧ ಇಳಿಯುತ್ತದೆ. ತೃತೀಯ ಲಿಂಗವೇ ತಮ್ಮ ಗುರುತು ಎನ್ನುವವರಿಗೆ, ಅಥವಾ ಮೀಸಲಾತಿ, ಪಿಂಚಣಿಗಾಗಿ ಆ ಗುರುತು ಬೇಕಾದವರಿಗೆ ಕಾಯುವ ಅಗತ್ಯವೇ ಇಲ್ಲ.

ಕೇಂದ್ರಕ್ಕೆ ಹೋಗುವ ಮುನ್ನ ಒಂದು ಸಣ್ಣ ಪರೀಕ್ಷೆ ಮಾಡಿ: ಆಧಾರ್‌ಗೆ ಜೋಡಿಸಿರುವ ಮೊಬೈಲ್ ಸಂಖ್ಯೆ ಯಾರದು? ನಮ್ಮ ಎಷ್ಟೋ ಮನೆಗಳಲ್ಲಿ ಮಕ್ಕಳ ಆಧಾರ್‌ಗೂ ಅಪ್ಪನ ಸಂಖ್ಯೆಯೇ ಇರುತ್ತದೆ. ನೀವು ಬೆಂಗಳೂರಿನಲ್ಲಿ ಗುಂಡಿ ಒತ್ತಿದರೆ ಊರಿನಲ್ಲಿ ಅಪ್ಪನ ಫೋನಿಗೆ ಒಟಿಪಿ ಹೋಗುತ್ತದೆ. ಹೊಸ ಕಾರ್ಡ್ ಅಂಚೆಯಲ್ಲಿ ಹೋಗುವುದೂ ಹಳೆಯ ವಿಳಾಸಕ್ಕೇ. ಆದ್ದರಿಂದ ಮೊದಲು ಮೊಬೈಲ್ ಸಂಖ್ಯೆ, ಆಮೇಲೆ ವಿಳಾಸ, ಆಮೇಲೆ ಹೆಸರು ಮತ್ತು ಲಿಂಗ. ತಾವು ಹೇಳುವ ಮೊದಲೇ ಮನೆಗೆ ವಿಷಯ ತಲುಪಿ, ಮಾತುಕತೆಯ ಬಾಗಿಲು ಮುಚ್ಚಿಹೋದವರನ್ನು ನಾನು ಬಲ್ಲೆ.

ಹೆಸರಿನ ಬಗ್ಗೆಯೂ ಇಲ್ಲೇ ತೀರ್ಮಾನಿಸಿ. ಕನ್ನಡದಲ್ಲಿ ಒಂದೇ ಹೆಸರು, ಇಂಗ್ಲಿಷಿನಲ್ಲಿ ನಾಲ್ಕು ಬಗೆಯ ಸ್ಪೆಲ್ಲಿಂಗ್. ಇನಿಷಿಯಲ್ ಮುಂದೋ ಹಿಂದೋ, ಅದು ಅಪ್ಪನದೋ ಊರಿನದೋ? ಪಾಸ್‌ಪೋರ್ಟಿಗೆ ಇನಿಷಿಯಲ್ ಬಿಡಿಸಿ ಬರೆಯಬೇಕಾಗುತ್ತದೆ, ಆದ್ದರಿಂದ ಅಫಿಡವಿಟ್ ಹಂತದಲ್ಲೇ ಪೂರ್ತಿ ಬಿಡಿಸಿದ ರೂಪ ಆರಿಸಿಕೊಳ್ಳಿ. ಒಂದು ಹಾಳೆಯಲ್ಲಿ ಎರಡೂ ಲಿಪಿಯಲ್ಲಿ ದೊಡ್ಡಕ್ಷರದಲ್ಲಿ ಬರೆದಿಟ್ಟುಕೊಂಡು ಎಲ್ಲ ಕಚೇರಿಗೂ ಅದೇ ಹಾಳೆ ಹಿಡಿದು ಹೋಗಿ. ಮೂರು ಸ್ಪೆಲ್ಲಿಂಗ್‌ನ ಹಳೆಯ ಕಥೆ ಹೊಸ ಹೆಸರಿಗೂ ಅಂಟಿಕೊಳ್ಳಬಾರದು.

ಉಳಿದವು

ಪ್ಯಾನ್ ಕಾರ್ಡಿನ ಅರ್ಜಿಗೆ ಟ್ರಾನ್ಸ್‌ಜೆಂಡರ್ ಎಂಬ ಆಯ್ಕೆ ಸೇರಿದ್ದು 2018ರ ಏಪ್ರಿಲ್‌ನಲ್ಲಿ. ಅದಕ್ಕೂ ಮುಂಚೆ ಆಧಾರ್‌ನಲ್ಲಿ ಮೂರನೆಯ ಕಾಲಂ ಇತ್ತು, ಪ್ಯಾನ್‌ನಲ್ಲಿ ಇರಲಿಲ್ಲ. ಎರಡನ್ನೂ ಜೋಡಿಸಲು ಹೋದರೆ ಹೊಂದುತ್ತಲೇ ಇರಲಿಲ್ಲ. ಬಿಹಾರದ ರೇಶ್ಮಾ ಪ್ರಸಾದ್ ಇದನ್ನೇ ಹಿಡಿದು ಸುಪ್ರೀಂ ಕೋರ್ಟಿಗೆ ಹೋದರು. ಜಿಲ್ಲಾಧಿಕಾರಿಯ ಪ್ರಮಾಣಪತ್ರವನ್ನು ಪ್ಯಾನ್‌ಗೆ ಆಧಾರವಾಗಿ ಒಪ್ಪುವುದಾಗಿ 2024ರಲ್ಲಿ ಕೇಂದ್ರ ಸರ್ಕಾರ ನ್ಯಾಯಾಲಯಕ್ಕೆ ತಿಳಿಸಿತು. ಆಧಾರ್ ಸರಿಯಾದ ಮೇಲೆ ಪ್ಯಾನ್, ಪ್ಯಾನ್ ಸರಿಯಾದ ಮೇಲೆ ಬ್ಯಾಂಕ್. ಈ ಮೂರು ಸಾಲಾಗಿ ಬಂದರೆ ಸಂಬಳಕ್ಕೆ ಇದ್ದ ಅಡ್ಡಿ ಹೋಗುತ್ತದೆ.

ಮತದಾರರ ಗುರುತಿನ ಚೀಟಿಗೆ ನಮೂನೆ 8. ಪಾಸ್‌ಪೋರ್ಟಿನಲ್ಲೂ ಮೂರು ಆಯ್ಕೆಗಳಿವೆ, ಪ್ರಮಾಣಪತ್ರ ಮತ್ತು ತಿದ್ದಿದ ಆಧಾರ್ ಜೊತೆ ಮರುವಿತರಣೆಯ ಅರ್ಜಿ ಹಾಕಬೇಕು. ಕರಾವಳಿಯಿಂದ ಕೊಲ್ಲಿ ದೇಶಗಳಿಗೆ ದುಡಿಯಲು ಹೋಗುವವರು ಮಾತ್ರ, ಹೊಸ ಪಾಸ್‌ಪೋರ್ಟಿನಲ್ಲಿ ಯಾವ ಅಕ್ಷರ ಬರೆಸಿಕೊಳ್ಳಬೇಕು ಎಂಬುದನ್ನು ಆ ದೇಶದ ಕಾನೂನು ವಿಚಾರಿಸಿ ತೀರ್ಮಾನಿಸಬೇಕು. ಅಲ್ಲಿ ಕೆಲವು ಕಡೆ ಉಡುಗೆಯೇ ಅಪರಾಧವಾಗಬಹುದು.

ಜನನ ಪ್ರಮಾಣಪತ್ರ ಮತ್ತು ಅಂಕಪಟ್ಟಿ ಬಹಳ ಕಾಲದಿಂದ ಗಟ್ಟಿ ಗೋಡೆಗಳು. ಜನನ ನೋಂದಣಿಯ 1969ರ ಕಾಯ್ದೆಯ 15ನೇ ಕಲಮು ತಪ್ಪಾಗಿ ಬರೆದದ್ದನ್ನು ತಿದ್ದಲು ಮಾತ್ರ ಅವಕಾಶ ಕೊಡುತ್ತದೆ. ನೋಂದಣಾಧಿಕಾರಿಗಳು "ಹುಟ್ಟಿದ ದಿನ ಬರೆದದ್ದು ತಪ್ಪಲ್ಲವಲ್ಲ" ಎಂದು ಅರ್ಜಿ ಹಿಂದಿರುಗಿಸುತ್ತಿದ್ದರು. 2024ರ ಡಿಸೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಸೂರಜ್ ಗೋವಿಂದರಾಜ್ ಈ ಗೋಡೆಗೊಂದು ಬಾಗಿಲು ಕೊರೆದರು. 2019ರ ಕಾಯ್ದೆ ವಿಶೇಷ ಕಾನೂನು. ಅದರಡಿ ಸಿಕ್ಕ ಪ್ರಮಾಣಪತ್ರ ತಂದವರಿಗೆ ನೋಂದಣಾಧಿಕಾರಿ ಹೆಸರು, ಲಿಂಗ ಬದಲಿಸಿ ಜನನ ಪ್ರಮಾಣಪತ್ರ ಕೊಡಲೇಬೇಕು ಎಂಬುದು ತೀರ್ಪಿನ ಸಾರ. ನೋಂದಣಿ ಕಾನೂನು ತಿದ್ದುಪಡಿಯಾಗುವವರೆಗೆ ಆ ಪ್ರಮಾಣಪತ್ರದಲ್ಲಿ ಹಳೆಯ ಹೆಸರು, ಲಿಂಗ ಮತ್ತು ಹೊಸ ಹೆಸರು, ಲಿಂಗ ಎರಡೂ ಇರಬೇಕು ಎಂದೂ ಅದು ಹೇಳಿತು.

ಎರಡೂ ಇರುವುದರಿಂದ ಒಂದು ಉಪಯೋಗ ನಿಜವಾಗಿ ಇದೆ: ಹಳೆಯ ಅಂಕಪಟ್ಟಿ ಹಿಡಿದವರೂ ಹೊಸ ಆಧಾರ್ ಹಿಡಿದವರೂ ಒಬ್ಬರೇ ಎಂದು ಆ ಒಂದು ಹಾಳೆ ಸಾಬೀತು ಮಾಡುತ್ತದೆ. ಆದರೆ ಅದನ್ನು ತೋರಿಸಿದಲ್ಲೆಲ್ಲ ಬದುಕಿನ ಕಥೆಯನ್ನೂ ತೋರಿಸಿದಂತಾಗುತ್ತದೆ. ಮಗುವನ್ನು ಶಾಲೆಗೆ ಸೇರಿಸುವಾಗ, ಹೊಸ ಊರಿನಲ್ಲಿ ಕೆಲಸಕ್ಕೆ ಸೇರುವಾಗ, ಹೇಳಬೇಕೋ ಬೇಡವೋ ಎಂಬ ಆಯ್ಕೆ ಆ ವ್ಯಕ್ತಿಯ ಕೈಯಲ್ಲಿ ಉಳಿಯುವುದಿಲ್ಲ. ಶಾಸನಸಭೆ ಇದನ್ನು ಬೇಗ ಸರಿಪಡಿಸಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಅಂಕಪಟ್ಟಿಯ ವಿಷಯದಲ್ಲಿ 2020ರ ನಿಯಮಗಳು ನಿಮ್ಮ ಪರ ಇವೆ. ಶಾಲೆ, ಮಂಡಳಿ, ಕಾಲೇಜು, ವಿಶ್ವವಿದ್ಯಾಲಯ ಕೊಟ್ಟ ಪ್ರಮಾಣಪತ್ರಗಳೂ 'ಅಧಿಕೃತ ದಾಖಲೆ'ಗಳ ಪಟ್ಟಿಯಲ್ಲಿವೆ. ಅರ್ಜಿ ಕೊಟ್ಟ ಹದಿನೈದು ದಿನದೊಳಗೆ ಹೆಸರು, ಲಿಂಗ, ಫೋಟೋ ಬದಲಿಸಬೇಕು, ಹಳೆಯ ಕ್ರಮಸಂಖ್ಯೆಯನ್ನೇ ಉಳಿಸಬೇಕು. ಹದಿನೈದು ದಿನದಲ್ಲಿ ಕೆಲಸ ಮುಗಿದದ್ದನ್ನು ನಾನು ಕಂಡಿಲ್ಲ. ಆದ್ದರಿಂದ ಅರ್ಜಿಯ ಎರಡು ಪ್ರತಿ ಒಯ್ಯಿರಿ, ಒಂದರ ಮೇಲೆ ಸ್ವೀಕೃತಿಯ ಮುದ್ರೆ ಮತ್ತು ದಿನಾಂಕ ಹಾಕಿಸಿಕೊಳ್ಳಿ. ತಿಂಗಳು ಕಳೆದರೆ ಮಾಹಿತಿ ಹಕ್ಕಿನಡಿ ಅರ್ಜಿಯ ಸ್ಥಿತಿ ಕೇಳಿ. ಅದೂ ಸಾಗದಿದ್ದರೆ ಹೈಕೋರ್ಟ್. ಆ ಮುದ್ರೆಯಿರುವ ಪ್ರತಿ ಇಲ್ಲದೆ ವಕೀಲರೂ ಹೆಚ್ಚೇನು ಮಾಡಲಾರರು.

ಇಷ್ಟೆಲ್ಲ ಪಾಡು ಯಾಕೆ ಎಂದು ಕೆಲವರು ಕೇಳುತ್ತಾರೆ. ಮರ್ಯಾದೆಯ ಪ್ರಶ್ನೆ ಒಂದು ಕಡೆ, ಅನ್ನದ ಪ್ರಶ್ನೆ ಇನ್ನೊಂದು ಕಡೆ. 2021ರಲ್ಲಿ ಕರ್ನಾಟಕ ಸರ್ಕಾರಿ ನೇಮಕಾತಿಯಲ್ಲಿ ಎಲ್ಲ ಪ್ರವರ್ಗಗಳಲ್ಲೂ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇ 1ರಷ್ಟು ಸಮತಲ ಮೀಸಲಾತಿ ತಂದಿತು, ದೇಶದಲ್ಲೇ ಮೊದಲು. ಬೆಂಗಳೂರಿನ ಸಂಗಮ ಸಂಸ್ಥೆ ಹೈಕೋರ್ಟಿನಲ್ಲಿ ನಡೆಸಿದ ಹೋರಾಟದ ಫಲ ಅದು. ಮೈತ್ರಿ ಯೋಜನೆಯ ಮಾಸಿಕ ಪಿಂಚಣಿ ಇದೆ. ಆಯುಷ್ಮಾನ್ ಭಾರತ್ ಅಡಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ 2022ರಲ್ಲಿ ಒಪ್ಪಂದವಾಗಿದ್ದು, ಅದಕ್ಕೆ ರಾಷ್ಟ್ರೀಯ ಪೋರ್ಟಲ್‌ನ ಪ್ರಮಾಣಪತ್ರವೇ ಕೀಲಿಕೈ. 2011ರ ಜನಗಣತಿಯಲ್ಲಿ ಕರ್ನಾಟಕದಲ್ಲಿ 'ಇತರೆ' ಎಂದು ಬರೆಸಿದವರು 20,266. ಅಷ್ಟೂ ಮಂದಿಗೆ ಸರಿಯಾದ ಕಾಗದ ಇದ್ದರೆ ಈ ಯೋಜನೆಗಳ ಫಲಾನುಭವಿಗಳ ಪಟ್ಟಿ ಇಂದಿಗಿಂತ ಎಷ್ಟೋ ಉದ್ದವಿರುತ್ತಿತ್ತು.

ಜೊತೆಗೆ ಯಾರು

ಒಬ್ಬರೇ ಹೋಗಬೇಡಿ. ಈ ಲೇಖನದಲ್ಲಿ ಒಂದೇ ಮಾತು ಉಳಿಸಿಕೊಳ್ಳಿ ಎಂದರೆ ಇದನ್ನೇ ಹೇಳುತ್ತೇನೆ. ಅದೇ ಕೌಂಟರ್, ಅದೇ ನೌಕರರು. ಪಕ್ಕದಲ್ಲಿ ಇನ್ನೊಬ್ಬರು ಸುಮ್ಮನೆ ನಿಂತಿದ್ದರೂ ಮಾತಿನ ಧಾಟಿ ಬದಲಾಗುತ್ತದೆ.

ಬೆಂಗಳೂರಿಗೆ ಈ ವಿಷಯದಲ್ಲಿ ಹಳೆಯ ಬೇರುಗಳಿವೆ. 'ಗುಡ್ ಆ್ಯಸ್ ಯು' ಎಂಬ ಬೆಂಬಲ ಗುಂಪು ಶುರುವಾದದ್ದು 1994ರಲ್ಲಿ, ಸಲಿಂಗ ಪ್ರೇಮ ಎಂದರೆ ಪೊಲೀಸರ ಭಯ ಎಂದಿದ್ದ ಕಾಲದಲ್ಲಿ. ಸಂಗಮ, ಸ್ವಭಾವ ಎರಡೂ 1999ರಲ್ಲಿ ಹುಟ್ಟಿದವು. ಅಕ್ಕೈ ಪದ್ಮಶಾಲಿ ಕಟ್ಟಿದ 'ಒಂದೆಡೆ', ಅಲ್ಲದೆ 'ಜೀವ', 'ಪಯಣ' ಮುಂತಾದ ಸಂಸ್ಥೆಗಳಲ್ಲಿ ಕನ್ನಡದಲ್ಲೇ ಮಾತನಾಡುವ, ಈ ಕಚೇರಿಗಳನ್ನು ಹತ್ತಿಳಿದ ಜನರಿದ್ದಾರೆ. ನಮ್ಮ ಪ್ರೈಡ್ ನಡಿಗೆ 2008ರಿಂದ ನಡೆಯುತ್ತಿದೆ. ಅಲ್ಲಿಗೆ ಬಂದ ಎಷ್ಟೋ ಜನ ತಮ್ಮಂಥ ಇನ್ನೊಬ್ಬರನ್ನು ಮೊದಲ ಬಾರಿ ಕಂಡದ್ದು ಆ ಬೀದಿಯಲ್ಲೇ. ಉತ್ತರ ಕರ್ನಾಟಕದ ಹಳ್ಳಿಯಲ್ಲಿರುವ ಮಗುವಿಗೆ ಬೆಂಗಳೂರು ದೂರ. ಆದರೆ ಜೋಗತಿ ಮಂಜಮ್ಮ ಅವರ ಹೆಸರು ಗೊತ್ತಿರುತ್ತದೆ. ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿದ್ದವರು, ಪದ್ಮಶ್ರೀ ಪಡೆದವರು. ಅಪ್ಪ ಅಮ್ಮನಿಗೆ ವಿಷಯ ತಿಳಿಸುವಾಗ ಆ ಹೆಸರಿನಿಂದ ಮಾತು ತೆಗೆದವರು ಇದ್ದಾರೆ, ಅದು ಕೆಲಸ ಮಾಡಿದ್ದೂ ಇದೆ. ಹೆತ್ತವರಿಗೇ ಆಸರೆ ಬೇಕಾದಾಗ 'ಸ್ವೀಕಾರ್' ಎಂಬ ಪೋಷಕರ ಬಳಗವಿದೆ. ಮಗುವನ್ನು ಒಪ್ಪಿಕೊಂಡ ಇನ್ನೊಬ್ಬ ತಾಯಿಯ ಮಾತು ನಮ್ಮೆಲ್ಲರ ವಿವರಣೆಗಿಂತ ಬೇಗ ಮನಸ್ಸಿಗೆ ಇಳಿಯುತ್ತದೆ.

ಮನಸ್ಸು ಕುಸಿದಾಗ 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಕನ್ನಡದಲ್ಲಿ ಮಾತನಾಡಬಹುದು. ಉಚಿತ ಕಾನೂನು ನೆರವಿಗೆ 15100. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿ ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಇರುತ್ತದೆ. ಮನೆಯವರು 'ಸರಿ ಮಾಡಿಸುತ್ತೇವೆ' ಎಂದು ವೈದ್ಯರ ಬಳಿ ಎಳೆದೊಯ್ದರೆ ಒಂದು ವಿಷಯ ತಿಳಿದಿರಲಿ: ಲಿಂಗತ್ವವನ್ನೋ ಲೈಂಗಿಕ ಒಲವನ್ನೋ ಬದಲಿಸುವ ಚಿಕಿತ್ಸೆ ಕೊಡುವುದು ವೃತ್ತಿ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ.

ಸಲಿಂಗ ಪ್ರೇಮಿಗಳು, ದ್ವಿಲಿಂಗ ಒಲವಿನವರು ಲಿಂಗದ ಕಾಲಂ ಮುಟ್ಟಬೇಕಾದ್ದೇ ಇಲ್ಲ. ಅವರಿಗೆ ಬೇಕಾಗುವುದು ಬೇರೆ ಬಗೆಯ ಕಾಗದ. ಸಂಗಾತಿಯೊಂದಿಗೆ ಜಂಟಿ ಖಾತೆ ತೆರೆಯಲು, ಸಂಗಾತಿಯನ್ನು ನಾಮಿನಿ ಮಾಡಲು ಯಾವ ನಿರ್ಬಂಧವೂ ಇಲ್ಲ ಎಂದು ಕೇಂದ್ರ ಹಣಕಾಸು ಸಚಿವಾಲಯ 2024ರ ಆಗಸ್ಟ್ 28ರಂದು ಸ್ಪಷ್ಟಪಡಿಸಿತು. ಅದರ ಒಂದು ಮುದ್ರಿತ ಪ್ರತಿ ಬ್ಯಾಂಕಿಗೆ ಹೋಗುವಾಗ ಕೈಯಲ್ಲಿರಲಿ.

ಆ ಹುಡುಗ ಆಧಾರ್‌ನ ಲಿಂಗದ ಕಾಲಂ ಮುಟ್ಟದೆ ಏಳು ತಿಂಗಳು ಕಾದ. ಮೊಬೈಲ್ ಸಂಖ್ಯೆ ಬದಲಿಸಿದ, ಫೋಟೋ ಬದಲಿಸಿದ, ಹೆಸರು ಬದಲಿಸಿದ. ಪರಿಷ್ಕೃತ ಪ್ರಮಾಣಪತ್ರ ಬಂದ ಮೇಲೆ ಒಂದೇ ವಾರದಲ್ಲಿ ಕೊನೆಯದನ್ನೂ ಮುಗಿಸಿದ. ಅಂಕಪಟ್ಟಿ ಇನ್ನೂ ಆಗಿಲ್ಲ, ಸ್ವೀಕೃತಿಯ ಮುದ್ರೆ ಇರುವ ಪ್ರತಿ ಫೈಲಿನ ಮೊದಲ ಹಾಳೆಯಾಗಿ ಕುಳಿತಿದೆ. ಕಳೆದ ತಿಂಗಳು ಮತ್ತೆ ಬಂದಿದ್ದ, ಜೊತೆಗೆ ರಾಣೇಬೆನ್ನೂರಿನ ಇನ್ನೊಬ್ಬ ಹುಡುಗ, ಅವನ ಕಂಕುಳಲ್ಲೂ ಅಂಥದೇ ಪ್ಲಾಸ್ಟಿಕ್ ಫೈಲು. ನಾನು ಚಹಾ ತರಲು ಒಳಗೆ ಹೋದೆ. ಬರುವಷ್ಟರಲ್ಲಿ ಐದೂ ಕಾಗದ ಮೇಜಿನ ಮೇಲೆ ಹರಡಿದ್ದವು, ನಮ್ಮವನು ಆಧಾರ್ ಕೈಗೆತ್ತಿಕೊಂಡು ಕೇಳುತ್ತಿದ್ದ: "ಇದರಲ್ಲಿ ಲಿಂಗ ಇನ್ನೂ ಬದಲಿಸಿಲ್ಲ ತಾನೆ? ಇದಕ್ಕೆ ಯಾರ ಮೊಬೈಲ್ ಸಂಖ್ಯೆ ಕೊಟ್ಟಿದ್ದೀಯ?"